ಮಂಗಳವಾರದ ನಲವತ್ತು ನಿಮಿಷ

"ಆ ಮಂಗಳವಾರದ ನಲವತ್ತು ನಿಮಿಷ ಇದೆಯಲ್ಲ ಮೇಡಂ, ಅದನ್ನ ಇವತ್ತೇ ಅಳಿಸಿಬಿಡ್ತೀವಿ. ಇವರ ಮಗಳ ಕಿವಿಗೆ ಅದು ಬೀಳೋ ಪ್ರಶ್ನೆಯೇ ಇಲ್ಲ. ಇವರು ದೂರು ವಾಪಸ್ ತಗೊಳ್ಳಲಿ, ಸಾಕು."

ಇಷ್ಟು ಹೇಳಿ ಕಂಪನಿಯ ವಕೀಲ ತನ್ನ ಪೆನ್ನನ್ನು ಕಾಗದದ ಅಂಚಿಗೆ ಸಮನಾಗಿ ಸರಿಸಿಟ್ಟ. ಯಾರಿಗೋ ದಾನ ಮಾಡಿ ಎದ್ದವನ ಕಳೆ ಅವನ ಮುಖದಲ್ಲಿತ್ತು.

ಮೇಜಿನ ಆಚೆ ಕೂತಿದ್ದ ಟೀಚರ್ ಕದಲಲಿಲ್ಲ. ಮೂವತ್ತೆರಡು ವರ್ಷ ಗಣಿತ ಕಲಿಸಿ ನಿವೃತ್ತರಾದ ಹೆಂಗಸು. ಬೋರ್ಡಿನ ಮೇಲೆ ತಪ್ಪು ಉತ್ತರ ಬರೆದವರನ್ನು ನೋಡುವಂಥ ಒಂದು ನೋಟ ಅವರಿಗೆ ಅಂಟಿಕೊಂಡೇ ಬಿಟ್ಟಿತ್ತು. ಈಗ ಆ ನೋಟ ಕಂಪನಿಯ ವಕೀಲನ ಮೇಲಿರಲಿಲ್ಲ. ಇಬ್ಬರ ನಡುವೆ ಮಧ್ಯಸ್ಥಿಕೆಗೆ ಕೂತಿದ್ದ ವಕೀಲೆಯ ಮೇಲಿತ್ತು.

"ನೀವೇನಾ ಹೇಳಿದ್ದು?"

"ಅಲ್ಲ," ಎಂದಳು ವಕೀಲೆ.

ಉತ್ತರ ಬಾಯಿಂದ ಹೊರಟ ವೇಗ ಅವಳಿಗೇ ಹಿಡಿಸಲಿಲ್ಲ.

ಕಿವಿ ಮಂದವಾದವರಿಗೆ ಶ್ರವಣಯಂತ್ರ ಮಾರುವ ಕಂಪನಿ ಅದು. ಟೀಚರ್ ಕಿವಿಯೊಳಗೆ ಮೂರು ವರ್ಷ ಕೂತಿದ್ದ ಯಂತ್ರ ಅವರ ಮನೆಯ ಮಾತನ್ನೆಲ್ಲ ಕಂಪನಿಯ ಭಂಡಾರಕ್ಕೆ ಕಳಿಸುತ್ತಿತ್ತು ಎಂಬುದು ದೂರು. "ಯಂತ್ರ ಶೇಖರಿಸುತ್ತೆ ಅಷ್ಟೇ, ಕೇಳೋರು ಯಾರೂ ಇಲ್ಲ" ಎಂಬುದು ಕಂಪನಿಯ ಸಮರ್ಥನೆ. ಅದನ್ನು ಬಿಟ್ಟರೆ ಅವರ ಬಳಿ ಇನ್ನೊಂದು ವಾಕ್ಯವಿರಲಿಲ್ಲ.

ಶೇಖರವಾದದ್ದು ಸಾವಿರಾರು ಗಂಟೆ. ಅದರಲ್ಲಿ ಯಾವ ನಲವತ್ತು ನಿಮಿಷ ಟೀಚರ್ ಜೀವ ಹಿಂಡುತ್ತಿದೆ ಎಂದು ಯಂತ್ರಕ್ಕೆ ಗೊತ್ತಾಗುವಂತಿರಲಿಲ್ಲ. ನಿನ್ನೆ ಮಧ್ಯಾಹ್ನ ಪಕ್ಕದ ಖಾಸಗಿ ಕೋಣೆಯಲ್ಲಿ, ಬಾಗಿಲು ಹಾಕಿಸಿ, ಟೀಚರ್ ಅದನ್ನು ವಕೀಲೆ ಒಬ್ಬಳಿಗೇ ಹೇಳಿದ್ದರು. ಹಾಸಿಗೆ ಹಿಡಿದ ಗಂಡನ ಆರೈಕೆ ಮಾಡಿ ಮಾಡಿ ಸೋತು, ಒಂದು ಮಂಗಳವಾರ ಅವರು ಬಾಯಿಗೆ ಬಂದದ್ದನ್ನೆಲ್ಲ ಅಂದುಬಿಟ್ಟಿದ್ದರು. ಸಾಯೋದಾದರೆ ಬೇಗ ಸಾಯಿ, ನನಗೂ ಒಂದು ಬದುಕಿದೆ ಎಂದಿದ್ದರು. ಗುರುವಾರ ಗಂಡ ತೀರಿಹೋಗಿದ್ದರು.

"ಉಳಿದದ್ದೆಲ್ಲ ಇಟ್ಕೊಂಡು ಕುಣೀಲಿ. ಇದೊಂದು ನನ್ನ ಮಗಳಿಗೆ ಕೇಳಿಸಬಾರದು," ಎಂದಿದ್ದರು ನಿನ್ನೆ. "ಇದು ಕಂಪನಿಯವರಿಗೆ ಗೊತ್ತಾದ್ರೆ ನನ್ನ ಜುಟ್ಟು ಅವರ ಕೈಯಲ್ಲಿ."

ಈಗ ಜುಟ್ಟು ಅವರ ಕೈಯಲ್ಲೇ ಇತ್ತು.

ಟೀಚರ್ ಎದ್ದು ಚೀಲ ಹೆಗಲಿಗೇರಿಸಿದರು. "ನಾಲ್ಕು ಗಂಟೆಗೆ ಬರ್ತೀನಿ. ಯಾರು ಹೇಳಿದ್ದು ಅಂತ ನೀವು ನನಗೆ ಹೇಳ್ಬೇಕು. ಹೇಳ್ದೇ ಇದ್ರೆ ಇವರು ತೋರಿಸಿದ ಕಡೆ ಸಹಿ ಹಾಕಿ, ನಿಮ್ಮ ಮೇಲೆ ಮಧ್ಯಸ್ಥಿಕೆ ಮಂಡಳಿಗೆ ಪತ್ರ ಬರೀತೀನಿ. ನನ್ನ ಕೈಬರಹ ತುಂಬಾ ಚೆನ್ನಾಗಿದೆ."

ಗಂಟೆ ಹನ್ನೊಂದೂವರೆ.

ಮಂಡಳಿಗೆ ಒಂದು ಪತ್ರ ಸಾಕಿತ್ತು. ಮಧ್ಯಸ್ಥಿಕೆಗೆ ಕೂತವಳ ಹತ್ತಿರ ಇರುವ ಆಸ್ತಿ ಎಂದರೆ ಮುಚ್ಚಿದ ಬಾಯಿ ಒಂದೇ. ಅದು ಸೋರುತ್ತದೆ ಎಂದಾದ ದಿನ ಪಟ್ಟಿಯಿಂದ ಹೆಸರು ಹೋಗುತ್ತದೆ, ಮತ್ತೆ ಬರುವುದಿಲ್ಲ.

ಒಂಬತ್ತು ವರ್ಷಗಳಿಂದ ಅವಳು ಇಂಥ ಮೇಜುಗಳ ತುದಿಯಲ್ಲಿ ಕೂತು ಮನುಷ್ಯರನ್ನು ನೋಡಿದ್ದಳು. ಹೆಂಡತಿಯ ಫೋನಿಗೆ ಕಳ್ಳಗಿಂಡಿ ಕೊರೆಸಿ "ಪ್ರೀತಿಯಿಂದ ಮಾಡಿದ್ದು" ಎಂದವನನ್ನು ನೋಡಿದ್ದಳು. ಕೆಲಸದವರು ಶೌಚಾಲಯದಲ್ಲಿ ಕಳೆದ ನಿಮಿಷ ಎಣಿಸಿ "ಅವರ ಆರೋಗ್ಯದ ಕಾಳಜಿ" ಎಂದ ಮಾಲೀಕನನ್ನೂ ನೋಡಿದ್ದಳು. ಹಾಗೆಯೇ, ಅರವತ್ತು ಪುಟದ ಷರತ್ತಿಗೆ ಕಣ್ಣು ಮುಚ್ಚಿ ಒಪ್ಪಿಗೆ ಒತ್ತಿ, ಆಮೇಲೆ ಎದೆ ಬಡಿದುಕೊಂಡು ಬಂದವರನ್ನು. ಕದಿಯುವವರನ್ನು ಕಂಡರೆ ಅವಳಿಗೆ ಎಷ್ಟು ತಾತ್ಸಾರವೋ, ಓದದೆ ಒಪ್ಪುವವರನ್ನು ಕಂಡರೂ ಅಷ್ಟೇ. ಕೋರ್ಟಿನ ಪಡಸಾಲೆಯಲ್ಲಿ ಅವಳಿಗೆ "ಪರದೆ ಮೇಡಂ" ಎಂಬ ಅಡ್ಡಹೆಸರಿತ್ತು. ಇಟ್ಟವರನ್ನೂ ಅವಳು ಅದೇ ಲೆಕ್ಕಕ್ಕೆ ಸೇರಿಸಿದ್ದಳು.

ಖಾಸಗಿ ಕೋಣೆಯಲ್ಲಿ ಹುಡುಕುವುದಕ್ಕೆ ಹೆಚ್ಚೇನಿರಲಿಲ್ಲ. ಒಂದು ಮೇಜು, ಎರಡು ಕುರ್ಚಿ. ಕಿಟಕಿ ಇಲ್ಲ. ಒಳಗೆ ಬರುವವರೆಲ್ಲ ಫೋನನ್ನು ಬಾಗಿಲಾಚೆಯ ಹಳೇ ಬಿಸ್ಕತ್ತಿನ ಡಬ್ಬಿಗೆ ಹಾಕಿಯೇ ಬರಬೇಕು, ಅವಳೂ ಸೇರಿ. ಟಿಪ್ಪಣಿ ಪೆನ್ಸಿಲಿನಲ್ಲಿ, ಬಿಡಿಹಾಳೆಯ ಮೇಲೆ. ದಿನದ ಕೊನೆಗೆ ಎರಡೂ ಕಡೆಯವರ ಕಣ್ಣೆದುರೇ ಅದು ಕಾಗದ ಕತ್ತರಿಸುವ ಯಂತ್ರದ ಬಾಯಿಗೆ. ನಿನ್ನೆಯದೂ ಹೋಗಿತ್ತು. ಎಳೆಗಳನ್ನು ಕೈಯಲ್ಲಿ ಹಿಡಿದು ನೋಡಿದಳು. ಸೇವಿಗೆಗಿಂತ ಸಣ್ಣ.

ಉಳಿದದ್ದು ಗುಮಾಸ್ತೆ. ಐವತ್ತು ದಾಟಿದ ಆಕೆ ಬಾಗಿಲಿಗೆ ನಾಲ್ಕಡಿ ದೂರದಲ್ಲಿ ಕೂರುತ್ತಿದ್ದಳು.

"ನಿನ್ನೆ ಬಾಗಿಲ ಹತ್ರ ಯಾರಾದ್ರೂ ನಿಂತಿದ್ರಾ?"

"ನೀನೇ ನಿಂತಿದ್ಯಾ ಅಂತ ತಾನೇ ಮೇಡಂ ಕೇಳ್ಬೇಕಾಗಿರೋದು? ನೇರವಾಗೇ ಕೇಳಿ."

"ನಿಂತಿದ್ರಾ?"

"ಟೀಚರ್ ಪಿಸುಗುಟ್ಟಿದ್ರೆ ಗಾಳಿಗೂ ಕೇಳಲ್ಲ. ನಿಮ್ಮ ಮಾತು ಕೇಳೋಕೆ ಬಾಗಿಲ ಹತ್ರ ಬರೋ ಕಷ್ಟ ಯಾಕೆ? ಎದುರಿಗಿರೋರೆಲ್ಲ ಕಿವುಡ್ರು ಅನ್ನೋ ಹಾಗೆ ಮಾತಾಡ್ತೀರಿ, ಬೀದಿ ತುದಿಗೆ ಕೇಳುತ್ತೆ." ಗುಮಾಸ್ತೆ ಕಡತದ ದಾರ ಬಿಗಿದಳು. "ಆದ್ರೆ ನಿನ್ನೆ ನೀವು ಒಳಗೆ ತುಟಿನೇ ಬಿಚ್ಚಲಿಲ್ಲ. ಹಾಗಾಗಿ ನನ್ನ ಮೇಲೆ ಅನುಮಾನ ಪಟ್ಟು ಉಪಯೋಗ ಇಲ್ಲ."

ಮಾತು ಸೊಟ್ಟಗಿದ್ದರೂ ನಿಜವಾಗಿತ್ತು. ನಿನ್ನೆ ವಕೀಲೆ ಕೇಳಿಸಿಕೊಂಡಿದ್ದಳು, ಅಷ್ಟೇ.

ಆಗ ಹೊಳೆಯಿತು. ಫೋನುಗಳೆಲ್ಲ ಡಬ್ಬಿಯಲ್ಲಿದ್ದವು. ಟೀಚರ್ ಕಿವಿ?

ಮೆಟ್ಟಿಲಿನ ತಿರುವಿನ ಬೆಂಚಿನ ಮೇಲೆ ಇನ್ನೂ ಕೂತಿದ್ದ ಟೀಚರನ್ನು ಅವಳು ಹಿಡಿದಳು. ಪ್ರಶ್ನೆ ಮುಗಿಯುವ ಮೊದಲೇ ಟೀಚರ್ ಕಿವಿಯಿಂದ ಇಳಿದಿದ್ದ ವೈರು ಎಳೆದು, ಅದರ ತುದಿಯಲ್ಲಿದ್ದ ಬೆಂಕಿಪೊಟ್ಟಣದಷ್ಟು ದಪ್ಪದ ಡಬ್ಬಿಯನ್ನು ಅವಳ ಮೂಗಿನೆದುರು ಹಿಡಿದರು.

"ನಮ್ಮಣ್ಣಂದು. ಅವನು ಹೋಗಿ ಹದಿನಾರು ವರ್ಷ. ಆ ದರಿದ್ರದ ಯಂತ್ರಾನ ದೂರು ಕೊಟ್ಟ ದಿನವೇ ನಿಮ್ಮ ಕಚೇರಿಗೆ ಒಪ್ಪಿಸಿದ್ದೀನಿ, ರಸೀದಿ ಇದೆ. ಇದಕ್ಕೆ ನನಗೆ ಬೇಕಾದ್ದೇ ನೆಟ್ಟಗೆ ಕೇಳಲ್ಲ, ಇನ್ನು ಊರಿಗೆಲ್ಲ ಏನು ಹಂಚುತ್ತೆ?" ಡಬ್ಬಿ ಮತ್ತೆ ಒಳಗೆ ಹೋಯಿತು. "ಅರ್ಧ ಗಂಟೆ ಯೋಚ್ನೆ ಮಾಡಿ ಕಂಡುಹಿಡಿದಿದ್ದು ಇದಾ? ನೂರಕ್ಕೆ ಸೊನ್ನೆ."

ಎರಡು ಗಂಟೆ ದಾಟಿದ ಮೇಲೆ ಸಿಕ್ಕ ಕಂಪನಿಯ ವಕೀಲ ಕಾಫಿ ಯಂತ್ರದ ಮುಂದೆ ನಿಂತು ಲೋಟ ತುಂಬುವುದನ್ನು ಕಾಯುತ್ತಿದ್ದ. ಅವಳ ಕೈಕೆಳಗೇ ಎರಡು ವರ್ಷ ಕಡತ ಹೊತ್ತು ಕಲಿತವನು. ಮೇಜಿನ ಮುಂದೆ ಅವನಿಗೆ "ನೀವು" ಎನ್ನುತ್ತಿದ್ದಳು. ಇಲ್ಲಿ ಆ ಖರ್ಚು ಬೇಕಿರಲಿಲ್ಲ.

"ಯಾರು ಹೇಳಿದ್ದು ನಿನಗೆ?"

"ಕಕ್ಷಿದಾರರು ಮಾಹಿತಿ ಕೊಡ್ತಾರೆ, ನಾನು ಮೇಜಿನ ಮೇಲೆ ಇಡ್ತೀನಿ. ಅದರ ಹಿಂದಿನದ್ದು ಕೇಳೋ ಅಭ್ಯಾಸ ಇಲ್ಲ ಮೇಡಂ."

"ಅಭ್ಯಾಸ ಇಲ್ಲವೋ, ಧೈರ್ಯ ಇಲ್ಲವೋ?"

"ಎರಡೂ ಅನ್ಕೊಳ್ಳಿ." ಅವನು ನಕ್ಕ.

ಎಂಥ ಬೈಗುಳ ಬಿದ್ದರೂ ಅದನ್ನು ಕರಗಿಸಿಕೊಂಡು ಹೊಳೆಯುತ್ತ ನಿಲ್ಲುವ ಗುಣ ಅವನದು. ಅದಕ್ಕೇ ಅವಳು ಮನಸ್ಸಿನಲ್ಲಿ ಅವನಿಗೆ "ಬೆಣ್ಣೆ" ಎಂದು ಹೆಸರಿಟ್ಟಿದ್ದಳು. ಯಾರೆದುರೂ ಅದನ್ನು ಅಂದವಳಲ್ಲ. ನಡುವೆ ಕೂತವಳು ಒಂದು ಕಡೆಯವನಿಗೆ ಅಡ್ಡಹೆಸರಿಟ್ಟರೆ ಅದೂ ಪಕ್ಷಪಾತವೇ.

"ನೋಡು," ಎಂದಳು. "ಈ ಮಧ್ಯಸ್ಥಿಕೆ ಮುರಿದುಬಿತ್ತು ಅಂತ ಬರೆಯೋಕೆ ನನಗೆ ಒಂದು ಸಾಲು ಸಾಕು. ಕಾರಣ ಕೊಡೋ ಅಗತ್ಯ ಕೂಡ ಇಲ್ಲ. ನಾಳೆ ನಿಮ್ಮ ಕಂಪನಿ ತೆರೆದ ಕೋರ್ಟಲ್ಲಿ ನಿಲ್ಲುತ್ತೆ. ನಲವತ್ತು ನಿಮಿಷ ಎಲ್ಲಿಂದ ಬಂತು ಅಂತ ನಿನ್ನನ್ನೇ ಕಟಕಟೆಗೆ ಹತ್ತಿಸ್ತಾರೆ. ಆಗ ಕಕ್ಷಿದಾರರು ನಿನ್ನ ಕೈ ಹಿಡೀತಾರಾ?"

ಬೆಣ್ಣೆ ಲೋಟ ಎತ್ತಿಕೊಂಡ. ಕುಡಿಯಲಿಲ್ಲ. ಕೋಟಿನ ಒಳಜೇಬಿನಿಂದ ನಾಲ್ಕಾಗಿ ಮಡಿಸಿದ ಒಂದು ಹಾಳೆ ತೆಗೆದ.

"ಬೆಳಿಗ್ಗೆ ಬಂತು. ಇಷ್ಟೇ. ನಾನು ಕೊಟ್ಟೆ ಅಂತ ಎಲ್ಲೂ ಹೇಳಬಾರದು."

"ನಿನ್ನ ಮರ್ಯಾದೆ ಕಾಪಾಡೋದು ನನ್ನ ಕೆಲಸ ಅಲ್ಲ. ಕೊಡು."

ಅಚ್ಚಾದ ನಾಲ್ಕು ಸಾಲು.

*ಸಂಜೆ ೭.೨೦. ಒಂದು, ಟೀಚರ್‌ಗೆ ಮಂಗಳವಾರದ ನಲವತ್ತು ನಿಮಿಷ ಬಿಟ್ಟರೆ ಬೇರೆ ಯಾವುದೂ ಮುಖ್ಯ ಅಲ್ಲ. ಎರಡು, ಅದು ಮಗಳ ಕಿವಿಗೆ ಬೀಳಬಾರದು. ಮೂರು, ಬೆಣ್ಣೆಗೆ ಇದರ ವಾಸನೆ ಕೂಡ ಹತ್ತಬಾರದು. ನೀರಿನ ಸದ್ದು. ಪಾತ್ರೆಯ ಸದ್ದು.*

ಅವಳು ಎರಡನೇ ಸಲ ಓದಿದಳು.

"ಒಂದು ಕೇಳ್ಲಾ ಮೇಡಂ?" ಎಂದ ಅವನು. "ಈ ಬೆಣ್ಣೆ ಅಂದ್ರೆ ಯಾರು?"

ಅವಳು ಹಾಳೆಯಿಂದ ಕಣ್ಣೆತ್ತಲಿಲ್ಲ. "ಇದನ್ನ ಬರೆದದ್ದು ಯಂತ್ರವಾ, ಮನುಷ್ಯರಾ?"

"ಯಂತ್ರವೇ. ಕೇಳೋರು ಯಾರೂ ಇಲ್ಲ ಅಂತ ಬರೆದೇ ಕೊಟ್ಟಿದ್ದೀವಲ್ಲ."

"ಅಷ್ಟೊಂದು ಮನೆಗಳ ಮಾತಿನಲ್ಲಿ ಇದೊಂದನ್ನೇ ಆರಿಸಿ ನಿನ್ನ ಕೈಗಿಟ್ಟದ್ದೂ ಯಂತ್ರವಾ?"

"ಅದನ್ನ ನಾನು ಕೇಳಿಲ್ಲ," ಎಂದ ಬೆಣ್ಣೆ, ತಣ್ಣಗಾದ ಕಾಫಿಯನ್ನು ಊದಿಕೊಳ್ಳುತ್ತ.

ಮನೆಗೆ ಅವಳು ನಡೆದೇ ಹೋದಳು. ಹಾಳೆಯ ಮಾತು ಟೀಚರದ್ದಲ್ಲ. ಒಂದು, ಎರಡು, ಮೂರು ಎಂದು ಅಂಕಿ ಹಾಕಿ ಮಾತಾಡುವುದು ಅವಳು. ಬೆಣ್ಣೆ ಎನ್ನುವುದು ಅವಳು. ಸಂಜೆ ಏಳೂಕಾಲು ದಾಟಿದ ಮೇಲೆ ನೀರು ಬಿಟ್ಟುಕೊಂಡು ಪಾತ್ರೆ ತೊಳೆಯುವುದೂ ಅವಳೇ.

ಟಿಪ್ಪಣಿ ಅವತ್ತೇ ಹರಿದುಹಾಕುವವರಿಗೆ ನಾಳೆಗೆ ಉಳಿಯುವುದು ನೆನಪು ಮಾತ್ರ. ಅವಳಿಗೆ ಯಾವುದೇ ವಿಷಯ ಬಾಯಿಬಿಟ್ಟು ಹೇಳಿಕೊಂಡ ಹೊರತು ತಲೆಯಲ್ಲಿ ಕೂರುವುದಿಲ್ಲ. ಶಾಲೆಯಲ್ಲಿ ಮಗ್ಗಿ ಕಲಿತದ್ದೂ ಹಾಗೆಯೇ. ಅದಕ್ಕೇ ದಿನಾ ಸಂಜೆ ಪಾತ್ರೆ ತೊಳೆಯುತ್ತ ದಿನದ ಗುಟ್ಟುಗಳನ್ನೆಲ್ಲ ಅಂಕಿ ಹಾಕಿ ಗಟ್ಟಿಯಾಗಿ ಒಪ್ಪಿಸಿಕೊಳ್ಳುತ್ತಿದ್ದಳು. ಅಡಿಗೆಮನೆಯ ಬಾಗಿಲಿನಿಂದ ಅಪ್ಪನ ಬೆನ್ನು ಕಾಣುತ್ತಿತ್ತು. ಹನ್ನೊಂದು ವರ್ಷದಿಂದ ಕಿವಿ ಕೇಳದ ಅಪ್ಪ. ಶ್ರವಣಯಂತ್ರ ಹಾಕಿಕೋ ಎಂದರೆ "ಕೇಳೋ ಅಂಥದ್ದು ಏನಿದೆ ಈ ಪ್ರಪಂಚದಲ್ಲಿ" ಎಂದು ಮೂಗು ಮುರಿಯುವ ಅಪ್ಪ. ಆ ಬೆನ್ನಿಗಿಂತ ಭದ್ರವಾದ ಜಾಗ ಅವಳಿಗೆ ಗೊತ್ತಿರಲಿಲ್ಲ.

ಮೂರು ಗಂಟೆಗೆ ಬಾಗಿಲು ತೆರೆದಾಗ ಆ ಬೆನ್ನು ಕಿಟಕಿಯ ಬಳಿ, ಅದೇ ಕುರ್ಚಿಯಲ್ಲಿತ್ತು. ಬೀದಿ ನೋಡುತ್ತ ಬೆರಳಲ್ಲಿ ಕುರ್ಚಿಯ ಕೈ ಮೇಲೆ ತಾಳ ಹಾಕುತ್ತಿದ್ದ.

"ಅಪ್ಪ," ಎಂದಳು, ಮೆಲ್ಲಗೆ.

ಬೆನ್ನು ಅಲುಗಲಿಲ್ಲ. ತಾಳ ನಿಂತಿತು.

"ನಿನ್ನ ಕಾಲ ಹತ್ರ ಚೇಳಿದೆ."

ಎಪ್ಪತ್ತೆಂಟರ ಮುದುಕ ಎರಡೂ ಕಾಲು ಒಟ್ಟಿಗೆ ಮೇಲೆತ್ತಿದ. ಆಮೇಲೆ, ಕಾಲು ಇನ್ನೂ ಗಾಳಿಯಲ್ಲಿರುವಾಗಲೇ, ಸಿಕ್ಕಿಬಿದ್ದದ್ದು ತಿಳಿದು ಹಲ್ಲು ಬಿಟ್ಟ.

"ಇದು ಮೋಸ ಕಣೇ."

ಎಡಗಿವಿಯಲ್ಲಿ, ಕಿಟಕಿಯ ಕಡೆಗಿದ್ದ ಕಿವಿಯಲ್ಲಿ, ಕಡಲೆಕಾಳಿನಷ್ಟು ಚರ್ಮದ ಬಣ್ಣದ ಒಂದು ವಸ್ತು. ಅದರ ಬೆನ್ನಲ್ಲಿ ಸಾಸಿವೆಯಷ್ಟು ಹಸಿರು ಬೆಳಕು. ಟೀಚರ್ ಒಪ್ಪಿಸಿದ್ದು ಇಂಥದ್ದನ್ನೇ.

"ಎಲ್ಲಿಂದ ಬಂತು ಇದು?"

"ಉದ್ಯಾನದಲ್ಲಿ ವಾಕಿಂಗ್ ಹೋಗ್ತೀನಲ್ಲ, ಅಲ್ಲಿ ಶಿಬಿರ ಹಾಕಿದ್ರು. ಮೂರು ವಾರ ಆಯ್ತು. ಪುಕ್ಕಟೆ. ಹುಡುಗಿಯೊಬ್ಬಳು ತುಂಬಾ ಪ್ರೀತಿಯಿಂದ ವಿಚಾರಿಸಿದ್ಲು. ಮಗಳು ಏನು ಮಾಡ್ತಾರೆ ತಾತ ಅಂದ್ಲು, ಹೇಳ್ದೆ. ದೊಡ್ಡ ಕೆಲಸ ಅಂದ್ಲು. ಹೌದಮ್ಮ ಅಂತ ಎದೆ ಉಬ್ಬಿಸ್ಕೊಂಡು ಬಂದೆ."

"ಏನಾದ್ರೂ ಓದೋಕೆ ಕೊಟ್ಟಳಾ? ಷರತ್ತು? ಒಪ್ಪಿಗೆ?"

"ಗಾಜಿನ ಹಲಗೆ ಮುಂದೆ ಹಿಡಿದ್ಲು. ಹೆಬ್ಬೆಟ್ಟು ಒತ್ತಿದೆ."

"ಓದಲಿಲ್ಲ."

"ಓದೋದು ನಿನ್ನ ಕಸುಬು. ನನಗೆ ಕಿವಿ ಬೇಕಿತ್ತು."

ಜೀವಮಾನವಿಡೀ ಅವಳು ಉಗಿದ ಜನರೆಲ್ಲ ಒಂದೇ ಮುಖ ಹೊತ್ತು ಎದುರಿಗೆ ಕೂತಂತಿತ್ತು.

"ನನಗೆ ಯಾಕೆ ಹೇಳಲಿಲ್ಲ?"

ಅಪ್ಪನ ನಗು ಇಳಿಯಿತು. "ಹೇಳಿದ್ರೆ ಬಾಯಿ ಮುಚ್ಕೊಂಡುಬಿಡ್ತಿದ್ದೆ ನೀನು. ಇಷ್ಟು ವರ್ಷ ನನ್ನ ಬೆನ್ನ ಹಿಂದೆ ಅದೇನೋ ಹೇಳ್ತಾನೇ ಇದ್ದೆ. ತುಟಿ ಅಲ್ಲಾಡೋದು ಕಿಟಕಿ ಗಾಜಲ್ಲಿ ಕಾಣ್ತಿತ್ತು. ಏನು ಹೇಳ್ತಾಳೆ ಅಂತ ಒಂದ್ಸಲ ಕೇಳಿಸ್ಕೊಳ್ಳೋಣ ಅನ್ನಿಸ್ತು." ಸ್ವಲ್ಪ ತಡೆದ. "ಶನಿವಾರದ್ದೂ ಕೇಳಿಸ್ತು. ಲಕೋಟೆ ವಿಷಯ."

ಅವಳು ಹಿಂದಕ್ಕೆ ಹೋಗಿ, ತೆರೆದೇ ಇದ್ದ ಬಾಗಿಲಿಗೆ ಚಿಲಕ ಹಾಕಿದಳು.

ಅವಳ ಹೆಸರು ಮೇಲೆ ಬಂದದ್ದು ಒಂದು ದಾವೆಯಿಂದ. ರೋಗಿಗಳ ದಾಖಲೆ ಮಾರಿಕೊಂಡಿದ್ದ ಒಂದು ಪ್ರಯೋಗಾಲಯವನ್ನು ಅವಳು ಕೋರ್ಟಿನಲ್ಲಿ ಮಣ್ಣು ಮುಕ್ಕಿಸಿದ್ದಳು. ಎದುರು ಪಕ್ಷದವರ ಮೊಹರಾದ ಲಕೋಟೆ ಅವತ್ತು ತಪ್ಪಿ ಅವಳ ಮೇಜಿಗೆ ಬಂದಿತ್ತು. ಅವಳು ಅದನ್ನು ಹಬೆಗೆ ಹಿಡಿದು ಬಿಡಿಸಿ, ಓದಿ, ಮತ್ತೆ ಅಂಟಿಸಿ ಕಳಿಸಿದ್ದಳು. ಇನ್ನೊಬ್ಬರ ಗುಟ್ಟಿನ ಪರವಾಗಿ ವಾದಿಸಿ ಗೆದ್ದದ್ದು ಇನ್ನೊಬ್ಬರ ಗುಟ್ಟು ಕದ್ದು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಶನಿವಾರ, ಯಾಕೋ ಮನಸ್ಸು ತಡೆಯದೆ, ಕಿವುಡ ಬೆನ್ನಿಗೆ ಹೇಳಿದ್ದಳು.

ಫೋನ್ ಬಡಿದುಕೊಂಡಿತು.

"ಮೇಡಂ, ಇನ್ನೊಂದು ಹಾಳೆ ಬಂದಿದೆ," ಎಂದ ಬೆಣ್ಣೆ. ದನಿ ಸಂಕೋಚದಿಂದ ಜಿನುಗುತ್ತಿತ್ತು. "ಶನಿವಾರದ್ದು. ನಾನು ಓದಿಲ್ಲ, ಕಣ್ಣು ಹಾಯಿಸಿದೆ ಅಷ್ಟೇ. ಲಕೋಟೆ ಅಂತೇನೋ ಇದೆ. ನಾಲ್ಕು ಗಂಟೆಗೆ ಟೀಚರ್ ಸಹಿ ಬಿತ್ತು ಅಂದ್ರೆ ಇದು ನೇರ ಕತ್ತರಿಸೋ ಯಂತ್ರಕ್ಕೆ. ನಿಮ್ಮಿಂದ ಒಂದು ಒಳ್ಳೇ ಮಾತು ಬಂದ್ರೆ ಅವರು ಹಾಕ್ತಾರೆ."

"ಯಾರು? ಬೆಣ್ಣೆನಾ?" ಎಂದ ಅಪ್ಪ ಕುರ್ಚಿಯಿಂದ, ಜೋರಾಗಿ.

ಆ ಕಡೆ ಹಾಳೆ ಮಗುಚಿದ ಸದ್ದು.

"ಓಹೋ," ಎಂದ ಫೋನಿನಾಚೆಯವನು. "ಅದು ನಾನಾ?"

ಅವಳು ಫೋನ್ ಇಟ್ಟಳು. ಮೂರು ಇಪ್ಪತ್ತೆಂಟು. ಏನೋ ಒಂದು ಸುಳ್ಳು ಹೇಳಿ ಟೀಚರ್ ಕೈಯಿಂದ ಸಹಿ ಹಾಕಿಸಿದರೆ ಹೆಸರು ಉಳಿಯುತ್ತದೆ, ಲಕೋಟೆ ಅಂಟಿಕೊಂಡೇ ಇರುತ್ತದೆ. ಟೀಚರ್ ಒಬ್ಬರೇ ಜೀವನಪೂರ್ತಿ, ಆ ನಲವತ್ತು ನಿಮಿಷ ನಿಜವಾಗಿ ಅಳಿಸಿದರೋ ಇಲ್ಲವೋ ಎಂದುಕೊಳ್ಳುತ್ತ ಬದುಕುತ್ತಾರೆ.

ಅಪ್ಪನ ಕಿವಿಯ ಹಸಿರು ಬೆಳಕನ್ನು ನೋಡಿದಳು.

"ಬ್ಯಾಟರಿ ಎಷ್ಟಿದೆ ಅದರಲ್ಲಿ?"

"ಬೆಳಿಗ್ಗೆ ತಾನೇ ತುಂಬಿಸಿದೆ. ಮಲಗೋ ತನಕ ಬರುತ್ತೆ. ತೆಗೆದುಕೊಡ್ಲಾ?"

ಅವಳು ತುಟಿ ಮೇಲೆ ಬೆರಳಿಟ್ಟಳು. ಹಳೇ ಕ್ಯಾಲೆಂಡರಿನ ಹಾಳೆಯ ಹಿಂದೆ, ಅಪ್ಪನಿಗೆ ಇಷ್ಟು ವರ್ಷ ಬರೆಯುತ್ತಿದ್ದ ಹಾಗೆಯೇ, ದಪ್ಪಕ್ಷರದಲ್ಲಿ ಬರೆದಳು: *ತೆಗೆಯಬೇಡ. ಸುಮ್ಮನೆ ಕೂತಿರು.*

ಅಪ್ಪ ಓದಿ ಹುಬ್ಬೇರಿಸಿದ. ಎಂದಿನಂತೆ ಕಿಟಕಿಯ ಕಡೆ ತಿರುಗಿ ಕೂತ. ಗಾಜಿನಲ್ಲಿ ಅವನ ಕಿವಿ, ಆ ಹಸಿರು ಚುಕ್ಕೆ, ಎರಡೂ ಕಾಣುತ್ತಿದ್ದವು.

ಅವಳು ಅಡಿಗೆಮನೆಗೆ ಹೋಗಿ ನಲ್ಲಿ ತಿರುಗಿಸಿದಳು. ತೊಳೆದಿದ್ದ ಪಾತ್ರೆಯನ್ನೇ ಎತ್ತಿಕೊಂಡಳು. ದಿನಾ ಸಂಜೆಯ ದನಿಯಲ್ಲಿ ಶುರುಮಾಡಿದಳು.

"ಒಂದು. ಸೋರಿದ್ದು ನನ್ನ ಬಾಯಿಂದಲೇ ಅಂತ ನಾಲ್ಕು ಗಂಟೆಗೆ ಟೀಚರ್‌ಗೆ ಹೇಳೋದು."

ಪಾತ್ರೆ ಮಗುಚಿದಳು.

"ಎರಡು. ಲಕೋಟೆ ಒಡೆದದ್ದನ್ನ ಮಂಡಳಿಗೆ ನಾನೇ ಬರೆದುಕೊಡೋದು. ಆಮೇಲೆ ಬೆಣ್ಣೆ ಆ ಹಾಳೇಲಿ ಏನಾದ್ರೂ ಕಟ್ಟಿಕೊಳ್ಳಲಿ."

ಗಾಜಿನಲ್ಲಿ ಅಪ್ಪನ ಭುಜ ಸಣ್ಣಗೆ ಕುಲುಕಿತು. ನಗುತ್ತಿದ್ದ.

"ಮೂರು. ಅಪ್ಪನ ಕಿವೀಲಿರೋ ಯಂತ್ರಾನ ಹೀಗೇ, ಬೆಳಕು ಉರೀತಿರೋ ಹಾಗೇ, ಎಲ್ಲರ ಮುಂದೆ ಮೇಜಿನ ಮೇಲೆ..."

ಹಸಿರು ಚುಕ್ಕೆ ಆರಿತು.

ಯಾರೂ ಅದನ್ನು ಮುಟ್ಟಿರಲಿಲ್ಲ. ಅಪ್ಪನ ಎರಡೂ ಕೈ ತೊಡೆಯ ಮೇಲಿದ್ದವು. ಗೋಡೆಯ ಗಡಿಯಾರದಲ್ಲಿ ಮೂರೂವರೆ. ಕೇಳೋರು ಯಾರೂ ಇಲ್ಲ ಎಂದು ಕಂಪನಿ ಬರೆದುಕೊಟ್ಟಿತ್ತು. ಆ ಯಾರೂ ಅಲ್ಲದವರು ಎಲ್ಲೋ ಕೂತು, ಈ ಕ್ಷಣ, ಈ ಮನೆಯ ಮಾತು ಕೇಳಿ ಹೆದರಿ, ಅಲ್ಲಿಂದಲೇ ಯಂತ್ರ ಆರಿಸಿದ್ದರು. ಅದಕ್ಕೆ ಇದ್ದ ಒಂದೇ ಒಂದು ಸಾಕ್ಷಿ ಈಗ ಸತ್ತ ಕಡಲೆಕಾಳು.

ಅಪ್ಪ ಕಿವಿಯನ್ನು ತಟ್ಟಿಕೊಂಡ. ಇನ್ನೊಮ್ಮೆ ತಟ್ಟಿಕೊಂಡ. ಕುರ್ಚಿಯಲ್ಲೇ ತಿರುಗಿ ಅವಳ ತುಟಿಗಳನ್ನು ನೋಡಿದ.

"ಮೂರನೇದು ಏನಂದೆ?" ಎಂದು ಕೂಗಿದ, ಹನ್ನೊಂದು ವರ್ಷ ಕೂಗಿದ ದನಿಯಲ್ಲಿ. "ಜೋರಾಗಿ ಹೇಳೇ. ಏನೂ ಕೇಳ್ತಿಲ್ಲ."